ಹಿಡಿದ ಇಲಿಯನ್ನೆಲ್ಲ ನಮ್ಮ ಬೆಕ್ಕು ಅತ್ತೆಯ ಪಕ್ಕವೇ ತಂದಿಡುತ್ತದೆ, ಯಾಕೆ?

ವಿದ್ಯಾನಗರದ ಸೊಸೆ, ಹಾಸನ

ಎಲ್ಲರಿಗೂ ನಮಸ್ಕಾರ. ಬೆಕ್ಕು ಸಾಕಿರುವವರು ಯಾರಾದರೂ ಇದಕ್ಕೆ ಉತ್ತರ ಹೇಳಿ. ನಮ್ಮ ಮನೆಯಲ್ಲಿ ಬೆಳಗಾದರೆ ಇದೇ ಪಂಚಾಯ್ತಿ ಆಗಿಬಿಟ್ಟಿದೆ.

ನಮ್ಮದು ಹೆಣ್ಣು ಬೆಕ್ಕು, ಹೆಸರು ಚುಕ್ಕಿ. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇದೆ. ಊಟ ಹಾಕುವುದು ನಾನು. ಮರಳಿನ ತಟ್ಟೆ ತೊಳೆಯುವುದು ನಾನು. ಚುಚ್ಚುಮದ್ದಿಗೆ ಬುಟ್ಟಿಯಲ್ಲಿ ಹಾಕಿಕೊಂಡು ಆಟೋ ಹತ್ತಿ, ದಾರಿಯುದ್ದಕ್ಕೂ ಅದರ ಕಿರುಚಾಟ ಕೇಳಿ, ಕೈಯೆಲ್ಲ ಪರಚಿಸಿಕೊಂಡು ಬರುವುದೂ ನಾನೇ. ನಮ್ಮ ಅತ್ತೆಗೆ ಬೆಕ್ಕು ಅಂದರೆ ಆಗುವುದಿಲ್ಲ. ಮುಟ್ಟುವುದಿಲ್ಲ, ಒಂದು ತೊಟ್ಟು ಹಾಲು ಹಾಕುವುದಿಲ್ಲ, ಎದುರಿಗೆ ಬಂದರೆ "ಥೂ, ಹಾಳ್ ಕೊತ್ತಿ" ಅಂತ ಶುರು ಮಾಡಿ ಲೋಟದಲ್ಲಿರುವ ಕಾಫಿ ಆರುವವರೆಗೂ ಬೈಯುತ್ತಾರೆ. ಆದರೆ ಈ ಚುಕ್ಕಿ ಹಿಂದಿನ ಖಾಲಿ ಸೈಟಿನಲ್ಲಿ ಏನೇ ಹಿಡಿಯಲಿ, ಇಲಿ, ಹಲ್ಲಿ, ಮಿಡತೆ, ಒಂದು ಸಲ ಬಾಲ ಇಲ್ಲದ ಹಾವುರಾಣಿ, ಎಲ್ಲವನ್ನೂ ಕಚ್ಚಿಕೊಂಡು ಅಡುಗೆಮನೆ ದಾಟಿ, ಹಾಲ್ ದಾಟಿ, ನನ್ನ ಕಾಲಿನ ಪಕ್ಕದಲ್ಲೇ ಹಾದು ಹೋಗಿ ಅತ್ತೆ ಕೂರುವ ಚಾಪೆಯ ಹತ್ತಿರವೇ ಇಡುತ್ತದೆ. ಇಟ್ಟು ಓಡಿಹೋಗುವುದೂ ಇಲ್ಲ. ಅಲ್ಲೇ ಕೂತು ಅವರ ಮುಖ ನೋಡುತ್ತದೆ.

ನಮ್ಮ ಯಜಮಾನರು "ಮನೆಗೆ ಹಿರಿಯರು ಯಾರು ಅಂತ ಅದಕ್ಕೆ ಗೊತ್ತು" ಅಂತ ನಗುತ್ತಾರೆ. ಅತ್ತೆಯಂತೂ ಇದನ್ನು ನಾನೇ ಹೇಳಿಕೊಟ್ಟು ಮಾಡಿಸುತ್ತಿದ್ದೇನೆ ಅನ್ನುವ ಮಟ್ಟಕ್ಕೆ ಬಂದಿದ್ದಾರೆ.

ಬೇರೆ ಚೇಷ್ಟೆಗಳೂ ಕಡಿಮೆ ಇಲ್ಲ. ಬಾಗಿಲಿಗೆ ರಂಗೋಲಿ ಹಾಕಿ, ಒಳಗೆ ಹೋಗಿ ಡಬ್ಬಿ ಇಟ್ಟು ಬರುವಷ್ಟರಲ್ಲಿ ನಡುವಿನ ಚೌಕದೊಳಗೆ ತಹಶೀಲ್ದಾರರ ಹಾಗೆ ಕೂತಿರುತ್ತದೆ. ಅದಕ್ಕೆಂದೇ ತಂದ ಸ್ಟೀಲ್ ಬಟ್ಟಲಿನ ನೀರು ಮುಟ್ಟುವುದಿಲ್ಲ. ಬಚ್ಚಲಿನ ಬಕೆಟ್ಟಿಗೆ ಮೊದಲು ಒಂದು ಕೈ ಅದ್ದಿ, ಅದನ್ನು ನೆಕ್ಕಿ ನೋಡಿ, ಆಮೇಲೆ ಬಗ್ಗಿ ಕುಡಿಯುತ್ತದೆ. ಪೇಪರ್ ಬಿಡಿಸಿದರೆ ನಾವು ಯಾವ ಸುದ್ದಿ ಓದುತ್ತಿದ್ದೇವೋ ಅದರ ಮೇಲೆಯೇ ಮಲಗಬೇಕು. ಇದೆಲ್ಲ ನಮಗೆ ಅಭ್ಯಾಸ ಆಗಿದೆ. ಇಲಿ ವಿಷಯ ಮಾತ್ರ ಬಗೆಹರಿಯುತ್ತಿಲ್ಲ. ಅದು ಅವರನ್ನೇ ಯಾಕೆ ಆರಿಸಿಕೊಂಡಿದೆ? ಕುತ್ತಿಗೆಗೆ ಗೆಜ್ಜೆ ಕಟ್ಟಿದರೆ ಬೇಟೆ ನಿಲ್ಲುತ್ತದಾ? ಹೊಡೆಯಿರಿ, ಊರಾಚೆ ಬಿಟ್ಟು ಬನ್ನಿ ಅನ್ನುವವರು ದಯವಿಟ್ಟು ಉತ್ತರ ಹಾಕಬೇಡಿ.

ಕಣದ ಪಕ್ಕದ ಮನೆ, ಮೂಡಿಗೆರೆ

ಮೇಡಂ, ಬೆಕ್ಕಿಗೆ ಹಿರಿಯರು ಕಿರಿಯರು ಅಂತ ಗೊತ್ತಿರುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಗೊತ್ತಿದ್ದರೆ ನಮ್ಮ ತಂದೆಯ ಈಸಿಚೇರಿನಲ್ಲಿ ಅವು ಮಲಗುತ್ತಿರಲಿಲ್ಲ, ಎಬ್ಬಿಸುವುದಕ್ಕೆ ಮನಸ್ಸಾಗದೆ ಅವರು ಪಕ್ಕದ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿರಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಇಲಿ ಹಿಡಿಯುವ ಬೆಕ್ಕನ್ನು ಬೈಯಬೇಡಿ ಅಂತ ಹೇಳುವುದಕ್ಕೆ ಬಂದೆ. ತೋಟದ ಮನೆಯಲ್ಲಿ ಇಲಿ ಜಾಸ್ತಿ ಆದರೆ ಗೋಣಿಚೀಲ ಉಳಿಯುವುದಿಲ್ಲ, ಪಂಪ್‌ಸೆಟ್ಟಿನ ವೈರ್ ಉಳಿಯುವುದಿಲ್ಲ, ಜೀಪಿನ ಬಾನೆಟ್ ಒಳಗೂ ಗೂಡು ಮಾಡುತ್ತವೆ, ಕೊನೆಗೆ ಇಲಿಯ ಹಿಂದೆ ನಾಗರಹಾವು ಬರುತ್ತದೆ.

ನಮ್ಮ ಕಷ್ಟ ಬೇರೆ ಥರದ್ದು. ಡಿಸೆಂಬರ್ ಬಂತು ಅಂದರೆ ಕಣದ ತುಂಬ ಕಾಫಿ. ಪಲ್ಪ್ ಮಾಡಿ ತೊಳೆದು ಹರಡಿದ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇರುವ ಕಾಫಿ ಬೀಜ, ಒಂದೆರಡು ಬಿಸಿಲು ಕಂಡು ಸಡಿಲವಾದರೆ ಸಾಕು, ನಮ್ಮ ಬೆಕ್ಕುಗಳ ಲೆಕ್ಕದಲ್ಲಿ ಅದು ತಮಗೆಂದೇ ಸುರಿದ ಮರಳು. ಅಷ್ಟು ದೊಡ್ಡ ಕಣದಲ್ಲಿ ಸುತ್ತಾಡಿ, ಮೂಸಿ, ಜಾಗ ಆರಿಸಿ, ಗುಂಡಿ ತೋಡಿ, ಕೆಲಸ ಮುಗಿಸಿ, ನೀಟಾಗಿ ಮುಚ್ಚಿ ಹೋಗುತ್ತವೆ. ಮುಚ್ಚುವುದರಿಂದಲೇ ತೊಂದರೆ, ಕಾಫಿ ತಿರುವಿ ಹಾಕುವವರಿಗೆ ಅದು ಕೈಗೆ ಸಿಕ್ಕ ಮೇಲೆಯೇ ಗೊತ್ತಾಗುವುದು. ಮನೆ ಕಟ್ಟಿ ಉಳಿದ ಮರಳನ್ನು ಕಣದ ಮೂಲೆಯಲ್ಲಿ ಹಾಕಿ, ಆಗಾಗ ಕೆದಕಿ ಸಡಿಲ ಮಾಡಿಟ್ಟ ಮೇಲೆ ಕಾಫಿಯ ತಂಟೆ ಬಿಟ್ಟವು. ಮಳೆಗಾಲದಲ್ಲಿ ಮಾತ್ರ ಆ ಮರಳು ನೆನೆದು ಗಟ್ಟಿಯಾಗುತ್ತದೆ, ಆಗ ಅವು ಕಟ್ಟಿಗೆ ಕೊಟ್ಟಿಗೆಯ ಹೊಟ್ಟಿಗೆ ಹೋಗುತ್ತವೆ, ಅದಕ್ಕೆ ನಾನು ಏನೂ ಹೇಳುವುದಿಲ್ಲ.

ಚಳಿಗಾಲದ ರಾತ್ರಿ ಅವು ಮಲಗುವುದು ಬಚ್ಚಲ ಒಲೆಯೊಳಗೆ. ಹಂಡೆಯ ಕೆಳಗೆ ಬೂದಿ ಬೆಳಗಿನವರೆಗೂ ಬೆಚ್ಚಗಿರುತ್ತದಲ್ಲ. ಬಿಳಿ ಬೆಕ್ಕು ಬೂದು ಬೆಕ್ಕಾಗಿ ಹೊರಗೆ ಬಂದು ನೇರ ಹಾಸಿಗೆಗೆ ಹಾರುತ್ತದೆ. ಮಲೆನಾಡಿನಲ್ಲಿ ಬೆಕ್ಕು ಸಾಕಿದವರು ಒಲೆಗೆ ಬೆಂಕಿ ಹಾಕುವ ಮೊದಲು ಒಂದು ಕೋಲಿನಿಂದ ಒಳಗೆ ಕೆದಕಿ ನೋಡಲೇಬೇಕು, ಇದನ್ನು ಯಾರೂ ಮರೆಯಬೇಡಿ.

ಮೀನಿನ ಗಾಡಿಯ ವಿಷಯ ಬರೆಯದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಚಾರ್ಮಾಡಿ ಹತ್ತಿ ಬರುವ ಮೀನು ನಮ್ಮ ರಸ್ತೆಗೆ ಬೈಕಿನಲ್ಲಿ ಬರುತ್ತದೆ. ಹಾಲಿನ ವ್ಯಾನ್ ಹಾರನ್ ಹೊಡೆಯಲಿ, ಸ್ಕೂಲ್ ಬಸ್ ಹೊಡೆಯಲಿ, ಕಿವಿ ಕೂಡ ಅಲ್ಲಾಡುವುದಿಲ್ಲ. ಮೀನಿನವರ ಹಾರನ್ ನಮಗೆ ಕೇಳಿಸುವ ಮೊದಲೇ ಗೇಟಿನ ಹತ್ತಿರ ಹಾಜರ್. ಬೂತಾಯಿಯ ತಲೆ ಸಿಗುವವರೆಗೂ ಯಾರನ್ನೂ ಒಳಗೆ ಹೋಗಲು ಬಿಡುವುದಿಲ್ಲ.

ಇನ್ನೂ ಓದುತ್ತಿರುವವನು, ಹಾಸನ

ನಾನು ಇಲ್ಲೇ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದೇನೆ, ಇನ್ನೂ ಡಾಕ್ಟರ್ ಆಗಿಲ್ಲ.

ಅಕ್ಕ, ಅದು ಅತ್ತೆಗೆ ಕಾಣಿಕೆಯೂ ಅಲ್ಲ, ಸೇಡೂ ಅಲ್ಲ. ಬೆಕ್ಕು ತಾನು ಹಿಡಿದದ್ದನ್ನು ಭಯವಿಲ್ಲದ, ಯಾರೂ ಬಂದು ಕಿತ್ತುಕೊಳ್ಳದ ಜಾಗಕ್ಕೆ ಒಯ್ಯುತ್ತದೆ. ಜೊತೆಗೆ ತಾಯಿ ಬೆಕ್ಕು ಮರಿಗಳಿಗೆ ಮೊದಲು ಸತ್ತ ಇಲಿ, ಆಮೇಲೆ ಅರೆಜೀವದ್ದು ತಂದುಕೊಟ್ಟು ಬೇಟೆ ಕಲಿಸುತ್ತದೆ. ಆಪರೇಷನ್ ಆಗಿ ಮರಿಯೇ ಹಾಕದ ಬೆಕ್ಕೂ ಹೀಗೆ ಹೊತ್ತು ತರುತ್ತದೆ. ಈಗ ನಿಮ್ಮ ಮನೆಯಲ್ಲಿ ಬೆಳಗ್ಗೆ ಎಲ್ಲಕ್ಕಿಂತ ಸದ್ದಿಲ್ಲದ ಜಾಗ ಯಾವುದು ಅಂತ ನೋಡಿ. ನೀವು ಕುಕ್ಕರ್, ಮಿಕ್ಸಿ, ಪೊರಕೆ ಅಂತ ಓಡಾಡುತ್ತಿರುತ್ತೀರಿ. ಅತ್ತೆ ಒಂದೇ ಕಡೆ ಕೂತಿರುತ್ತಾರೆ. ಅಷ್ಟೇ ಅಲ್ಲ, ಅವರು ಅದನ್ನು ಎತ್ತಿಕೊಳ್ಳುವುದಿಲ್ಲ, ಹಿಡಿದು ಮುದ್ದಾಡುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಬೆಕ್ಕಿಗೆ ಇಂಥವರ ಹತ್ತಿರ ನಿರಾಳ. ಬೆಕ್ಕು ತಾನಾಗಿ ಬಂದು ಶುರು ಮಾಡಿದ ಒಡನಾಟ ನಾವು ಶುರು ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ ಅಂತ ಸ್ವಿಟ್ಜರ್‌ಲ್ಯಾಂಡಿನಲ್ಲಿ ಮನೆಗಳಲ್ಲಿ ಕೂತು ನೋಡಿದವರು ಹಿಂದೆಯೇ ಬರೆದಿದ್ದಾರೆ. ಬೆಕ್ಕು ಬೇಡ ಅನ್ನುವ ನೆಂಟರ ತೊಡೆಯನ್ನೇ ಅದು ಹುಡುಕಿಕೊಂಡು ಹೋಗುವುದಕ್ಕೂ ಇದೇ ಕಾರಣ.

ಆ ಕೂಗಾಟವೂ ಇದೆ. ನೀವು ಇಲಿ ಕಂಡರೆ ಸುಮ್ನೆ ಎತ್ತಿ ಬಿಸಾಡುತ್ತೀರಿ, ಅಲ್ವಾ? ಅತ್ತೆ ಕೂಗಿದರೆ ಪೊರಕೆ ಬರುತ್ತದೆ, ನಿಮ್ಮ ಯಜಮಾನರು ಬರುತ್ತಾರೆ, ನೀವು ಬರುತ್ತೀರಿ. ಮನೆಯವರೆಲ್ಲ ತನ್ನ ಸುತ್ತ ಸೇರುವುದು ಬೆಕ್ಕಿಗೆ ಬೇಜಾರಿನ ವಿಷಯವಲ್ಲ. ಮತ್ತೆ ತರುತ್ತದೆ.

ಗೆಜ್ಜೆ ನಂಬಬೇಡಿ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಟೆ ಕಟ್ಟಿದ ಬೆಕ್ಕುಗಳು ಮನೆಗೆ ತಂದ ಬೇಟೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ನಾವು ಇಷ್ಟು ಕಾಲ ಕೇಳಿದ್ದೇ ದಂಡ. ಅದೇ ಅಧ್ಯಯನದಲ್ಲಿ ಮಾಂಸದ ಅಂಶ ಜಾಸ್ತಿ ಇರುವ ಆಹಾರ ಕೊಟ್ಟಾಗ ಮನೆಗೆ ಬರುವ ಬೇಟೆ 36 ಶೇಕಡಾ ಕಡಿಮೆಯಾಯಿತು, ದಿನಕ್ಕೆ 5ರಿಂದ 10 ನಿಮಿಷ ಆಟ ಆಡಿಸಿದಾಗ 25 ಶೇಕಡಾ. ನೀವು ಬರೀ ಹಾಲು ಅನ್ನ ಹಾಕುತ್ತಿದ್ದರೆ ಮೊಟ್ಟೆ, ಮೀನು, ಬೇಯಿಸಿದ ಕೋಳಿ ಸೇರಿಸಿ. ಈರುಳ್ಳಿ ಬೆಳ್ಳುಳ್ಳಿ ಹಾಕಿ ಬೇಯಿಸಿದ್ದು ಬೇಡ, ಅದು ಬೆಕ್ಕಿನ ರಕ್ತಕ್ಕೆ ವಿಷ.

ನನಗೆ ಅತ್ತೆಗಿಂತ ಇಲಿಯ ಬಗ್ಗೆ ಜಾಸ್ತಿ ಚಿಂತೆ. ಅಕ್ಕಪಕ್ಕದವರು ಇಲಿ ಪಾಷಾಣ ಇಡುತ್ತಾರಾ ವಿಚಾರಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ, ಅಂಥದ್ದೇ ಬೆಕ್ಕಿಗೆ ಸುಲಭವಾಗಿ ಸಿಗುವುದು. ಚುಕ್ಕಿಯ ವಸಡು ಬಿಳುಚಿಕೊಂಡರೆ, ಮೂಗು ಬಾಯಲ್ಲಿ ರಕ್ತ ಕಂಡರೆ, ಸುಸ್ತಾದರೆ ಆಸ್ಪತ್ರೆಗೆ ಓಡಿ, ಅದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ. ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಬೇಡಿ. ಹುಳದ ಔಷಧಿ ತಪ್ಪಿಸಬೇಡಿ.

ರಂಗೋಲಿಗೂ ಒಂದು ಮಾತು. ನೆಲದಲ್ಲಿ ಚೌಕ ಕಂಡರೆ ಒಳಗೆ ಹೋಗಿ ಕೂರುವುದು ಎಲ್ಲ ದೇಶದ ಬೆಕ್ಕಿಗೂ ಇರುವ ಚಾಳಿ. ಅಮೆರಿಕದಲ್ಲಿ ಇದನ್ನೂ ಪರೀಕ್ಷೆ ಮಾಡಿ 2021ರಲ್ಲಿ ಬರೆದರು. ಪೂರ್ತಿ ಗೆರೆ ಎಳೆಯದೆ ನಾಲ್ಕು ಮೂಲೆ ಮಾತ್ರ ತೋರಿಸಿ ಚೌಕ ಇದೆ ಅನ್ನಿಸುವಂತೆ ಮಾಡಿದರೂ ಬೆಕ್ಕುಗಳು ಹೋಗಿ ಕೂತವು. ನೀವು ಬಾಗಿಲ ಪಕ್ಕದಲ್ಲಿ ಒಂದು ರಟ್ಟಿನ ಡಬ್ಬ ಇಟ್ಟು ನೋಡಿ.

ವಿದ್ಯಾನಗರದ ಸೊಸೆ, ಹಾಸನ

ತುಂಬಾ ಥ್ಯಾಂಕ್ಸ್ ತಮ್ಮಾ. ನೀವು ಹೇಳಿದ ಮೇಲೆ ಗಮನಿಸಿದೆ, ಆ ಚಾಪೆಯ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ, ಹಾಲ್‌ನಲ್ಲಿ ಬೇರೆಲ್ಲೂ ಬೀಳುವುದಿಲ್ಲ. ಅತ್ತೆ ಕೂರುವುದೂ ಬಿಸಿಲಿಗೇ, ಅದು ಬರುವುದೂ ಬಿಸಿಲಿಗೇ. ಕೂಗದೆ ಸುಮ್ಮನಿರಿ ಅಂತ ಅತ್ತೆಗೆ ಹೇಳಿದೆ. "ನನ್ನ ಮನೇಲಿ ನಾನು ಕೂಗಬಾರದಾ" ಅಂದರು. ಅಲ್ಲಿಗೆ ಆ ದಾರಿ ಮುಚ್ಚಿತು.

ಅಡಿಕೆ ಅಂಗಳ, ಕೊಪ್ಪ

ಅತ್ತೆಯನ್ನು ಬದಲಾಯಿಸುವುದು ಬಿಡಿ, ಬೆಕ್ಕಿನ ಕಡೆಯಿಂದಲೇ ಪ್ರಯತ್ನ ಮಾಡಿ, ಅದೇ ಸುಲಭ.

ನಮ್ಮ ಮನೆಯದ್ದು ಇಲಿ ತಂದಿಡುವುದಿಲ್ಲ, ಮರಿಗಳನ್ನು ತಂದಿಡುತ್ತದೆ. ಮರಿ ಹಾಕಿದ ಬೆಕ್ಕು ಏಳು ಮನೆ ಸುತ್ತಿಸುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಮ್ಮದು ಒಂದೇ ಮನೆಯಲ್ಲಿ ಏಳು ಜಾಗ ಹುಡುಕಿತು. ಅಟ್ಟದ ಮೇಲೆ ಹಾಕಿತು. ಅಲ್ಲಿಂದ ಅಡಿಕೆ ಗೋಣಿಯ ಸಂದಿ, ಅಲ್ಲಿಂದ ಹಳೆಯ ಮರದ ಪೆಟ್ಟಿಗೆ, ಅಲ್ಲಿಂದ ನನ್ನ ಸೀರೆಯ ಬೀರು. ಬೀರುವಿನ ಬಾಗಿಲು ಅರ್ಧ ತೆರೆದಿದ್ದು ಎಷ್ಟು ಹೊತ್ತು ಅಂತ ನನಗೇ ಗೊತ್ತಿಲ್ಲ. ನಾವು ಹೋಗಿ ಹೋಗಿ ಇಣುಕಿದಷ್ಟೂ ಅದು ಜಾಗ ಬದಲಾಯಿಸುತ್ತಿತ್ತು, ಮಕ್ಕಳಿಗೆ ಇಣುಕಬೇಡಿ ಅಂತ ಗದರಿಸಿದ ಮೇಲೆ ಒಂದು ಕಡೆ ನಿಂತಿತು.

ಅಡಿಕೆ ಸುಲಿಯುವ ಕಾಲದಲ್ಲಂತೂ ಅದರ ಹಬ್ಬ. ರಾತ್ರಿ ಅಂಗಳದಲ್ಲಿ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಕೂತರೆ, ಒಂದೊಂದೇ ಅಡಿಕೆ ಎಗರಿಸಿಕೊಂಡು ಹೋಗಿ ಕಾಲಿನಿಂದ ಕಾಲಿಗೆ ಉರುಳಿಸಿ ಆಟ. ಯುಗಾದಿಗೆ ಮನೆ ಗುಡಿಸುವಾಗ ಮಂಚದ ಕೆಳಗೆ, ಫ್ರಿಡ್ಜಿನ ಹಿಂದೆ, ಅಕ್ಕಿ ಡಬ್ಬದ ಪಕ್ಕ, ಎಲ್ಲೆಲ್ಲೂ ಅಡಿಕೆ. ಕತ್ತಿಯ ಹತ್ತಿರ ಬರುತ್ತದೆ ಅನ್ನುವುದೇ ಭಯ, ಅದಕ್ಕೆ ಈಗ ಆ ಹೊತ್ತಿನಲ್ಲಿ ಒಳಗೆ ಕೂಡಿಹಾಕುತ್ತೇವೆ. ಒಳಗಿನಿಂದ ಅದು ಮಾಡುವ ಗಲಾಟೆ ಬೀದಿಗೆಲ್ಲ ಕೇಳುತ್ತದೆ.

ಇನ್ನೊಂದು ಇದೆ. ಅಂಗಳದಲ್ಲಿ ಕಳೆ ಕೀಳುವಾಗ ಕುಪ್ಪಿ ಗಿಡದ ಬೇರು ಬಿದ್ದಿದ್ದರೆ ಎಲ್ಲಿದ್ದರೂ ಬರುತ್ತದೆ. ಮೂಸಿ, ಕಚ್ಚಿ, ಕೆನ್ನೆ ಉಜ್ಜಿ, ಮಣ್ಣಿನಲ್ಲಿ ಉರುಳಿ ಉರುಳಿ ಹೊರಳಾಡುತ್ತದೆ. ಬೆಕ್ಕು ಹೀಗೇ ಹೊರಳಾಡಲಿ ಅಂತ ಅಂಗಡಿಯಲ್ಲಿ ದುಡ್ಡು ಕೊಟ್ಟು ಕ್ಯಾಟ್‌ನಿಪ್ ಸೊಪ್ಪು ತರುವವರು ಮೊದಲು ಹಿತ್ತಲು ನೋಡಿ.

ಓದುತ್ತಿರುವ ತಮ್ಮನಿಗೆ ಒಂದು ಪ್ರಶ್ನೆ. ಇದಕ್ಕೆ ಪಾಯಸ ಅಂದರೆ ಪ್ರಾಣ. ಸಿಹಿ ತಿಂದರೆ ಹುಳ ಆಗುತ್ತದೆ ಅನ್ನುತ್ತಾರೆ, ನಿಜವಾ? ಬೆಕ್ಕಿಗೆ ಹಾಲು ಬೇಡ ಅಂತಲೂ ಅನ್ನುತ್ತಾರಲ್ಲ, ನಮ್ಮ ಮನೆಯ ಬೆಕ್ಕುಗಳೆಲ್ಲ ಹಾಲು ಕುಡಿದೇ ಬೆಳೆದವು.

ಎಂ.ಜಿ. ರೋಡ್ ಮಹಡಿ ಮನೆ, ಚಿಕ್ಕಮಗಳೂರು

ನಿಮ್ಮೆಲ್ಲರ ಬೆಕ್ಕು ಇಲಿಯನ್ನಾದರೂ ಹಿಡಿಯುತ್ತದೆ. ನಮ್ಮದು ಗಂಡು ಪರ್ಷಿಯನ್, ಜಿರಳೆ ಬಂದರೆ ಎದ್ದು ಜಾಗ ಬಿಟ್ಟುಕೊಡುತ್ತದೆ. ತಿನ್ನುವುದು ಒಣ ಆಹಾರ ಮಾತ್ರ, ನೀರು ಕುಡಿಯುವುದು ಯಾವಾಗ ಅಂತ ಯಾರೂ ನೋಡಿಲ್ಲ. ನಿನ್ನೆಯಿಂದ ಹೊಸ ಡ್ರಾಮಾ ಶುರುವಾಗಿದೆ. ಮರಳಿನ ತಟ್ಟೆಗೆ ಹೋಗಿ ಕೂರುತ್ತದೆ, ಏಳುತ್ತದೆ, ಒಂದು ಸುತ್ತು ಹಾಕಿ ಮತ್ತೆ ಕೂರುತ್ತದೆ. ಬಚ್ಚಲಿನ ಮೋರಿಯ ಹತ್ತಿರವೂ ಹಾಗೇ. ಕೂತಾಗ ಒಂಥರಾ ರಾಗ ಬೇರೆ ಎಳೆಯುತ್ತದೆ. ಮಕ್ಕಳು ವಿಡಿಯೋ ಮಾಡಿ ನಗುತ್ತಿದ್ದಾರೆ.

ಇನ್ನೂ ಓದುತ್ತಿರುವವನು, ಹಾಸನ

ಚಿಕ್ಕಮಗಳೂರಿನ ಸರ್, ವಿಡಿಯೋ ನಿಲ್ಲಿಸಿ. ತಟ್ಟೆಯಲ್ಲಿ ಮೂತ್ರ ಬಿದ್ದಿದೆಯಾ ನೋಡಿ. ಒದ್ದೆ ಇಲ್ಲದಿದ್ದರೆ, ಬರೀ ಒಂದೆರಡು ಹನಿ ಇದ್ದರೆ, ಮೂತ್ರನಾಳ ಕಟ್ಟಿಕೊಂಡಿರಬಹುದು. ಗಂಡು ಬೆಕ್ಕಿನ ನಾಳ ತುಂಬಾ ಸಣ್ಣದು, ಒಣ ಆಹಾರ ತಿಂದು ನೀರು ಕಡಿಮೆ ಕುಡಿಯುವುದರಲ್ಲಿ ಇದು ಬೇಗ ಆಗುತ್ತದೆ. ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತದೆ. ಹೊಟ್ಟೆ ಒತ್ತಬೇಡಿ. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಚೂರು ಕೂಡ ಕೊಡಬೇಡಿ, ಅದು ಬೆಕ್ಕನ್ನು ಕೊಲ್ಲುತ್ತದೆ. ಈಗಲೇ ಡಾಕ್ಟರಿಗೆ ಫೋನ್ ಮಾಡಿ ಹೊರಡಿ.

ಕೊಪ್ಪದ ಅಕ್ಕನಿಗೆ ಆಮೇಲೆ ಬರೆಯುತ್ತೇನೆ.

ಎಂ.ಜಿ. ರೋಡ್ ಮಹಡಿ ಮನೆ, ಚಿಕ್ಕಮಗಳೂರು

ಸರ್, ನೀವು ಹೇಳಿದ್ದೇ ಆಗಿತ್ತು. ಟ್ಯೂಬ್ ಹಾಕಿ ಮೂತ್ರ ತೆಗೆದರು, ಡ್ರಿಪ್ ನಡೆಯುತ್ತಿದೆ. ಡಾಕ್ಟರ್ ಇನ್ನೊಂದು ದಿನ ಅಲ್ಲೇ ಇಟ್ಟುಕೊಳ್ಳುತ್ತಾರಂತೆ. ಆಹಾರ ಬದಲಾಯಿಸಲು ಹೇಳಿದ್ದಾರೆ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಕಣದ ಪಕ್ಕದ ಮನೆ, ಮೂಡಿಗೆರೆ

ಸದ್ಯ. ನೀರಿಗೆ ಒಂದು ಉಪಾಯ, ನಮ್ಮಲ್ಲಿ ಊಟದ ತಟ್ಟೆಯ ಪಕ್ಕ ಇಟ್ಟ ನೀರನ್ನು ಯಾವ ಬೆಕ್ಕೂ ಮುಟ್ಟುವುದಿಲ್ಲ. ದೂರದಲ್ಲಿ, ಅಗಲವಾದ ಪಾತ್ರೆಯಲ್ಲಿ ಎರಡು ಮೂರು ಕಡೆ ಇಟ್ಟು ನೋಡಿ. ವಿದ್ಯಾನಗರದ ಮೇಡಂ ಅವರ ಬಕೆಟ್ ಕಥೆಯೂ ಅದೇ ಇರಬೇಕು.

ಇನ್ನೂ ಓದುತ್ತಿರುವವನು, ಹಾಸನ

ಒಳ್ಳೆಯದಾಯಿತು ಸರ್. ಮತ್ತೆ ಮತ್ತೆ ಆಗುವ ತೊಂದರೆ ಅದು, ಮನೆಗೆ ಬಂದ ಮೇಲೂ ತಟ್ಟೆ ನೋಡುತ್ತಿರಿ.

ಕೊಪ್ಪದ ಅಕ್ಕ, ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಜೀನು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆ, ಹುಲಿಗೂ ಅಷ್ಟೇ, 2005ರಲ್ಲಿ ಇದು ಪ್ರಕಟವಾಯಿತು. ನಿಮ್ಮದು ಪಾಯಸಕ್ಕೆ ಬರುವುದು ಹಾಲು ತುಪ್ಪದ ಜಿಡ್ಡಿಗೆ. ಸಿಹಿಯಿಂದ ಹುಳ ಆಗುವುದಿಲ್ಲ, ಇಲಿ ತಿಂದರೆ, ಚಿಗಟ ನುಂಗಿದರೆ ಆಗುತ್ತದೆ. ಪಾಯಸದಲ್ಲಿ ದ್ರಾಕ್ಷಿ ಇದ್ದರೆ ಹಾಕಬೇಡಿ. ಹಾಲಿನ ವಿಷಯದಲ್ಲಿ ಜಗಳ ಬೇಡ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಜೀರ್ಣ ಆಗುವುದಿಲ್ಲ, ಭೇದಿ ಆಗದಿದ್ದರೆ ಸ್ವಲ್ಪ ಕೊಡಿ.

ವಿದ್ಯಾನಗರದ ಸೊಸೆ, ಹಾಸನ

ಸಂಜೆಯಿಂದ ಬೆಳಗಾಗುವವರೆಗೆ ಹಿಂದಿನ ಕಿಟಕಿ ಮುಚ್ಚಲು ಶುರು ಮಾಡಿದ್ದೇವೆ, ಊಟಕ್ಕೆ ಮೊಟ್ಟೆಯೂ ಸೇರಿಸಿದ್ದೇನೆ. ಇಲಿ ಕಡಿಮೆ ಆಗಿದೆ. ಆದರೆ ಬೆಳಗಿನ ಜಾವ ಇಡೀ ಮನೆ ಓಡುತ್ತದೆ, ಪರದೆ ಹತ್ತುತ್ತದೆ, ನಮ್ಮ ಕಾಲ್ಬೆರಳು ಕಚ್ಚುತ್ತದೆ. ಆಟ ಆಡಿಸಿ ಅಂದಿರಲ್ಲ, ಯಾವಾಗ ಆಡಿಸಬೇಕು? ಯಜಮಾನರು ಲೇಸರ್ ಲೈಟ್ ತರುತ್ತೇನೆ ಅನ್ನುತ್ತಿದ್ದಾರೆ.

ಇನ್ನೂ ಓದುತ್ತಿರುವವನು, ಹಾಸನ

ಲೇಸರ್ ಬೇಡ. ಎಷ್ಟು ಓಡಿದರೂ ಬಾಯಿಗೆ ಏನೂ ಸಿಗದೆ ಕೆಲವು ಬೆಕ್ಕಿಗೆ ರೇಗುತ್ತದೆ, ಕಣ್ಣಿಗೆ ಬಿದ್ದರೂ ಅಪಾಯ. ಒಂದು ತೆಂಗಿನ ಕಡ್ಡಿಗೆ ದಾರ ಕಟ್ಟಿ, ತುದಿಗೆ ಕೋಳಿ ಗರಿಯನ್ನೋ ಬಟ್ಟೆಯ ಚೂರನ್ನೋ ಕಟ್ಟಿ. ಮುಖದ ಮುಂದೆ ಆಡಿಸಬೇಡಿ, ನೆಲದಲ್ಲಿ ಅದರಿಂದ ದೂರ ಎಳೆಯುತ್ತಾ, ಸೋಫಾದ ಸಂದಿಗೆ ನುಗ್ಗಿಸುತ್ತಾ ಆಡಿಸಿ, ಆಗಾಗ ಹಿಡಿಯಲು ಬಿಡಿ. ರಾತ್ರಿ ನೀವು ಮಲಗುವ ಮುಂಚೆ ಆಡಿಸಿ, ಮುಗಿದ ಕೂಡಲೇ ಊಟ ಹಾಕಿ. ತಿಂದ ಮೇಲೆ ಮೈ ನೆಕ್ಕಿಕೊಂಡು ಮಲಗುವುದು ಅದರ ಕ್ರಮ. ಆಟ ಆದ ಮೇಲೆ ದಾರವನ್ನು ಮಾತ್ರ ಬೀರುವಿನಲ್ಲಿ ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಂಡು ಆಪರೇಷನ್ ಮಾಡಬೇಕಾಗುತ್ತದೆ.